ಒದ್ದೆ ಬುಟ್ಟಿ

ಮೂವತ್ತೊಂದು ವರ್ಷ ಮೀನು ತೂಗಿದ ಕೈ ಇದು.
ಅವೇರೋದ ಮೀನುಪೇಟೆ, ಕಾಲುವೆ ಪಕ್ಕದ ಮೂರನೇ ಕಟ್ಟೆ;
ಡಿಯೊಲಿಂಡಾ ಅಂದರೆ ಈಗಲೂ ಒಬ್ಬಿಬ್ಬರು ನಗುತ್ತಾರೆ.
ಅಂಥವಳಿಗೆ
ನರ್ಸ್ ತೆಲ್ಮಾ ತೂಗುವುದು ಹೇಳಿಕೊಡುತ್ತಾಳೆ:
ಎದ್ದು, ಮೂತ್ರ ಮಾಡಿ, ಕಾಫಿಗೆ ಮುಂಚೆ,
ಬರಿಗಾಲು, ದಿನವೂ ಅದೇ ರಾತ್ರಿಯಂಗಿ.
ಬರೆದಿಡಬೇಕು. ಹೃದಯ ಸೋತಿದೆಯಂತೆ,
ಹಳೇ ಪಂಪಿನ ಹಾಗೆ, ನೀರು ಎತ್ತಲಾರದೆ.

ಸೋಮವಾರ ಎಪ್ಪತ್ತೊಂದು ಪಾಯಿಂಟ್ ನಾಲ್ಕು.
ಮಂಗಳವಾರ ಎಪ್ಪತ್ತೆರಡೂ ಚಿಲ್ಲರೆ.
ಬುಧವಾರ ಹತ್ತಿ, ಇಳಿದು, ಮತ್ತೆ ಹತ್ತುವಷ್ಟರಲ್ಲಿ
ಮುನ್ನೂರು ಗ್ರಾಂ ಮಾಯ.
ನಿಂತ ನಿಲುವಿನಲ್ಲಿ ಮುನ್ನೂರು ಗ್ರಾಂ!
ನನ್ನ ಕಟ್ಟೆಯಲ್ಲಿ ಅಷ್ಟಕ್ಕೆ ನಾಲ್ಕು ದಪ್ಪ ಸಾರ್ಡೀನು,
ಜೊತೆಗೆ ಒಂದು ಬೈಗುಳ ಬಿಟ್ಟಿ.

ಮೊದಲು ಯಂತ್ರವನ್ನೇ ಅನುಮಾನಿಸಿದೆ.
ಬಾಗಿಲ ಬಳಿಯ ಟೈಲಿನ ಮೇಲೆ ಒಂದು ಮಾತು,
ತೊಟ್ಟಿ ಪಕ್ಕದ ಸಡಿಲ ಟೈಲಿನ ಮೇಲೆ ಇನ್ನೊಂದು.
ಪೇಟೆಯ ಕೊನೆಯ ದಿನ ಲಂಗದ ಕಿಸೆಗೆ ಇಳಿಸಿಕೊಂಡಿದ್ದ
ಹಿತ್ತಾಳೆಯ ಒಂದು ಕಿಲೋ ಬಟ್ಟು ತಂದು ಇಟ್ಟೆ:
ಯಂತ್ರ ಕಣ್ಣೇ ತೆರೆಯಲಿಲ್ಲ.
ಎದೆಗೊತ್ತಿಕೊಂಡು ನಾನೇ ಹತ್ತಿದೆ:
ಒಂದು ಏರಬೇಕಾದಲ್ಲಿ ಒಂದು, ಮೇಲೆ ಇನ್ನೂರು.
ಆ ಇನ್ನೂರು ಬಟ್ಟಿನದಲ್ಲ, ನನ್ನದೂ ಅಲ್ಲ;
ನಮ್ಮಿಬ್ಬರ ನಡುವೆ ಯಾರೋ ಬೆರಳಿಟ್ಟಿದ್ದಾರೆ.

ಬೆರಳಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ.
ತಕ್ಕಡಿಯ ತಟ್ಟೆಗೆ ಕಿರುಬೆರಳು ಒರಗಿಸಿ
ಎಷ್ಟು ಊಟ ಎದ್ದಿವೆ ನಮ್ಮ ಮನೆಯಲ್ಲಿ,
ದೇವರಿಗೆ ಗೊತ್ತು. ಗಂಡ ಅಬೀಲಿಯುಗೂ ಗೊತ್ತಿತ್ತು.
ಈಗ ಅದೇ ಬೆರಳು ವಾಶ್‌ಬೇಸಿನ್ನಿನ ಅಂಚಿಗೆ ತಾಗಿಸಿದರೆ
ಅರ್ಧ ಕಿಲೋ ಹಗುರಾಗುತ್ತೇನೆ.
ಮೋಸ ಯಾರಿಗೆ?
ಅಂಗಡಿಯವಳು, ಗಿರಾಕಿ, ಮೀನು,
ಮೂವರೂ ನಾನೇ.

ಆಮೇಲೆ ಹೊಳೆಯಿತು; ಮೀನಿನವಳಿಗೆ ಮೊದಲೇ ಹೊಳೆಯಬೇಕಿತ್ತು.
ಒದ್ದೆ ಬುಟ್ಟಿ, ಒಣ ಬುಟ್ಟಿ ಒಂದೇ ತೂಗುವುದಿಲ್ಲ.
ಐಸು ಸೋರುವ ಮುನ್ನ ಒಂದು ಲೆಕ್ಕ, ಸೋರಿದ ಮೇಲೊಂದು,
ಒಳಗಿನ ಮೀನು ಮಾತ್ರ ಇದ್ದಷ್ಟೇ.
ಸೋಮವಾರ ರಾತ್ರಿ ತಂಗಿಯ ಮನೆಯಲ್ಲಿ
ಉಪ್ಪುಮೀನು, ಆಲೂಗಡ್ಡೆ, ಎರಡು ಸಲ ಬಡಿಸಿಕೊಂಡಿದ್ದೆ.
ಉಪ್ಪು ತಿಂದವಳು ನೀರು ಕುಡಿಯಲೇಬೇಕಲ್ಲ;
ಕುಡಿದ ನೀರು ಮಂಗಳವಾರ ಯಂತ್ರದ ಮೇಲೆ ನಿಂತಿತ್ತು,
ನನ್ನ ಅಂಗಿ ತೊಟ್ಟು.

ಕಿಟಕಿಯಾಚೆ ಹಿನ್ನೀರು
ದಿನಕ್ಕೆರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ.
ಏರಿತು ಅಂತ ಯಾರೂ ಇಗರ್ಜಿಯ ಗಂಟೆ ಬಾರಿಸುವುದಿಲ್ಲ.
ಕಂಬದ ಮೇಲಿನ ಪಾಚಿಗೆರೆ ದಾಟಿದರೆ ಮಾತ್ರ
ದೋಣಿಯ ಹಗ್ಗ ನೋಡಿ ಬರುತ್ತಾರೆ.
ಏಳು ದಿನದ್ದು ಕೂಡಿಸಿ ಏಳರಿಂದ ಭಾಗಿಸಿದೆ,
ಕಾಗದವಿಲ್ಲದೆ, ಪೇಟೆಯಲ್ಲಿ ಮಾಡುತ್ತಿದ್ದ ಹಾಗೆ.
ಎಪ್ಪತ್ತೊಂದೂವರೆ.
ಅದು ನಾನು. ಮಿಕ್ಕದ್ದು ಬುಟ್ಟಿ.

ಎಲ್ಲ ತಿಳಿಯಿತೆಂದು ಬೀಗಿದ ಮರುವಾರವೇ
ಗುರುವಾರ ಎಪ್ಪತ್ತೆರಡು ದಾಟಿತು,
ಶುಕ್ರವಾರ ಎಪ್ಪತ್ತಮೂರು,
ಶನಿವಾರ ಎಪ್ಪತ್ತನಾಲ್ಕು.
ಉಪ್ಪು ಮುಟ್ಟಿರಲಿಲ್ಲ. ಟೈಲು ಅದೇ.
ಹತ್ತೂ ಬೆರಳು ಗಾಳಿಯಲ್ಲಿ.
ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ತೆಗೆದೆ,
ಹಳಸಿದ ಮೀನನ್ನು ಹೀಗೇ ಕಂಡುಹಿಡಿಯುವುದು.
ಬಿದ್ದ ಗುಳಿ
ಏಳಲಿಲ್ಲ.

ಫೋನ್ ಎತ್ತಿ, "ತೆಲ್ಮಾ, ಈ ಸಲ ಬುಟ್ಟಿಯಲ್ಲ" ಅಂದೆ.
ಅವಳಿಗೆ ಅರ್ಥವಾಗಲಿಲ್ಲ.
ಮೂರು ದಿನದ ಮೂರು ಅಂಕಿ ಓದಿದೆ. ಸುಮ್ಮನಾದಳು.
"ಕೋಟು ಹಾಕಿಕೊಂಡಿರಿ, ಬಂದೆ."

ಹಾಕಿಕೊಂಡು ಬಾಗಿಲ ಬಳಿ ಕುಳಿತೆ.
ಒಂದು ಕಡೆ ಜಗ್ಗುತ್ತಿತ್ತು ಕೋಟು.
ಬಟ್ಟು ಅದರ ಕಿಸೆಗೆ ಯಾವಾಗ ಸೇರಿತೋ, ನೆನಪಿಲ್ಲ.